ಹೆಸರುಳ್ಳ ನಾಯಿ, ಹೆಸರಿಲ್ಲದ ಬೇಟೆಗಾರ: ಕಾಲ್ನಡಿಗೆಯ ಹಂದಿ ಬೇಟೆಯ ಚರಿತ್ರೆ

ನಾನು ಮಾತಾಡ್ತಿರೋದು ಕೊಲ್ಹಾಪುರ ಜಿಲ್ಲೆ ಕಾಗಲ ತಾಲೂಕಿನ ಬಿದ್ರಿಯಿಂದ. ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಊರು, ಸುತ್ತಮುತ್ತ ಕಬ್ಬು. ಕಬ್ಬು ಬೆಳೆಯುವವರಿಗೆ ಕಾಡುಹಂದಿ ಕಾವ್ಯದ ವಸ್ತು ಅಲ್ಲ, ಒಂದೇ ರಾತ್ರಿಯಲ್ಲಿ ಆಗುವ ನಷ್ಟ. ಆದರೆ ತರಗತಿಯಲ್ಲಿ ನಾವು ಬೇಟೆಯನ್ನು ಓದೋದು ರಾಜರ ವಿನೋದ ಅಂತಲೇ. ಹಂದಿಯ ಎದುರು ಕಾಲ್ನಡಿಗೆಯಲ್ಲಿ ನಿಂತವರು ನಮ್ಮ ಆಕರಗಳಲ್ಲಿ ಎಲ್ಲಿ ಸಿಗ್ತಾರೆ ಅನ್ನೋದೇ ನನ್ನ ಪ್ರಶ್ನೆ.

ಮೊದಲು ಆತಕೂರು ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನದು, ಶಕ 872, ಅಂದರೆ ಕ್ರಿ.ಶ. 949-50. ಪಂಪ ವಿಕ್ರಮಾರ್ಜುನ ವಿಜಯದಲ್ಲಿ ಬೇಟೆಯನ್ನು ವಿಸ್ತಾರವಾಗಿ ವರ್ಣಿಸಿ ಆಗಿನ್ನೂ ಹತ್ತು ವರ್ಷ ಆಗಿರಲಿಲ್ಲ. ಚರಿತ್ರೆಕಾರರಿಗೆ ಈ ಶಾಸನ ಬೇಕಾಗಿರೋದು ತಕ್ಕೋಲಂ ಯುದ್ಧಕ್ಕಾಗಿ: ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ, ಸತ್ತ ಚೋಳ ರಾಜಾದಿತ್ಯ. ಆದರೆ ಕಲ್ಲನ್ನು ನೆಟ್ಟದ್ದು ಒಂದು ನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಬೂತುಗ ಮೆಚ್ಚಿ ಏನು ಬೇಕು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಒಟ್ಟಿಗೆ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಪೂಜೆ ಮಾಡದೆ ಗೊರವ ಉಣ್ಣಬಾರದು ಎಂದು ಕಟ್ಟು ಹಾಕಿದರು. ಇವತ್ತು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ, ಹಂದಿ ಎದುರುಬದುರು ನಿಂತ ಶಿಲ್ಪ ಇದೆ.

ಇಲ್ಲಿ ಗಮನಿಸಿ: ನಾಯಿಗೆ ಹೆಸರಿದೆ, ಒಡೆಯನಿಗೆ ಹೆಸರಿದೆ. ಪೊದೆಗೆ ನುಗ್ಗಿ ಹಂದಿಯನ್ನು ಎಬ್ಬಿಸಿದ ಆಳುಗಳ ಸುದ್ದಿ ಇಲ್ಲ. ಹಂದಿ ತಾನಾಗಿ ಎದುರಿಗೆ ಬರೋದಿಲ್ಲವಲ್ಲ. ಮಲೆನಾಡಿನಲ್ಲಿ ಈ ಕೆಲಸಕ್ಕೆ 'ಹಳು ಸೋವುವುದು' ಅಂತಾರೆ. ಗದ್ದಲ ಮಾಡ್ತಾ ಸೋವುವವರು ಒಂದು ಕಡೆ, ಹಂದಿ ಹಾಯುವ ಜಾಗದಲ್ಲಿ ಕಾಯುವವರು ಇನ್ನೊಂದು ಕಡೆ. ಗಾಯಗೊಂಡ ಹಂದಿ ತಿರುಗಿ ಬಿದ್ದರೆ ಕೋರೆ ಮೊದಲು ತಾಗೋದು ತೊಡೆಗೆ, ಹೊಟ್ಟೆಗೆ. ನಾಡಿನ ಹಲವೆಡೆ ಹಂದಿ ಬೇಟೆಯಲ್ಲಿ ಸತ್ತವರ ವೀರಗಲ್ಲುಗಳು ಇರೋದು ಇದಕ್ಕೇ.

ಕುದುರೆ ಮೇಲಿನ ಬೇಟೆಯ ದಾರಿ ಬೇರೆ. ಬ್ರಿಟಿಷ್ ಅಧಿಕಾರಿಗಳು, ಸಂಸ್ಥಾನಿಕರು ಈಟಿ ಹಿಡಿದು ಹಂದಿಯನ್ನು ಅಟ್ಟೋದು ಆಟವಾಗಿತ್ತು; ಬೇಡನ್ ಪೊವೆಲ್ 1889ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಸವಾರರು ಪುಸ್ತಕ ಬಿಟ್ಟುಹೋದರು. ಕಾಲಾಳುಗಳಿಂದ ಉಳಿದದ್ದು ಕಲ್ಲು ಮತ್ತು ಹಾಡು.

ಹಾಡು ಅಂದಾಗ ಹಲಗಲಿ ನೆನಪಾಗಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೇ ಬದುಕು. 1857ರಲ್ಲಿ ಕಂಪನಿ ಸರ್ಕಾರ ಹತಾರ ಒಪ್ಪಿಸಿ ಅಂದಾಗ ಅವರು ತಿರುಗಿಬಿದ್ದರು. ಸೈನ್ಯ ಊರಿಗೆ ಬೆಂಕಿ ಇಟ್ಟಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ನಾವು ಇದನ್ನು ಸ್ವಾತಂತ್ರ್ಯ ಸಂಗ್ರಾಮದ ಅಧ್ಯಾಯವಾಗಿ ಓದ್ತೀವಿ, ಸರಿ. ಆದರೆ ಬೇಟೆಯ ಚರಿತ್ರೆಯಾಗಿಯೂ ಓದಬೇಕು ಅನ್ನೋದು ನನ್ನ ವಾದ. ಒಡೆಯನ ಕೈಯಲ್ಲಿ ಈಟಿ ವಿನೋದ. ಬೇಡನ ಕೈಯಲ್ಲಿ ಅದೇ ಈಟಿ ಅಪರಾಧ. ಆತಕೂರಿನ ಕಲ್ಲು ಬಿಟ್ಟ ಹೆಸರುಗಳು ಹಲಗಲಿಯ ಲಾವಣಿಯಲ್ಲಿ ಬರ್ತವೆ: ಜಡಗ, ಬಾಲ. ಸೋಜಿಗ ಅಂದರೆ, ಈ ಲಾವಣಿಯನ್ನು ಸಂಗ್ರಹಿಸಿದ ಫ್ಲೀಟ್ ಸಾಹೇಬರೇ ಆತಕೂರು ಶಾಸನವನ್ನೂ ಸಂಪಾದಿಸಿದವರು. ಒಬ್ಬರ ಮೇಜಿನ ಮೇಲಿದ್ದ ಎರಡು ಪಠ್ಯಗಳನ್ನು ನಾವು ಬೇರೆಬೇರೆ ಪತ್ರಿಕೆಗಳಲ್ಲಿ, ಒಂದು ಶಾಸನ, ಇನ್ನೊಂದು ಜಾನಪದ ಅಂತ ಓದ್ತಾ ಇದ್ದೀವಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಈ ಬೇಟೆ ಬಹುಮಟ್ಟಿಗೆ ಮಾತಿನಲ್ಲಿ ಉಳಿದಿದೆ. ಬೇಟೆ ಮತ್ತೆ ಬರಲಿ ಅಂತ ನಾನು ಹೇಳ್ತಿಲ್ಲ. ಹೆಜ್ಜೆ, ಉರುಳಾಡಿದ ಕೆಸರು, ಗಾಳಿಯ ದಿಕ್ಕು ಇವುಗಳನ್ನು ಓದುತ್ತಿದ್ದವರ ನುಡಿ ಮಾತ್ರ ಅವರೊಂದಿಗೇ ಹೋಗ್ತಿದೆ. ಗಡಿಯ ಈಚೆ ಅದು ಕನ್ನಡ, ಮರಾಠಿ ಬೆರೆತ ನುಡಿ. ಎರಡೂ ಕಡೆಯ ನಿಘಂಟುಗಳಿಂದ ಜಾರಿಬಿಡುವಂಥದ್ದು. ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರು ಕಥೆ, ಹಾಡಿನ ಜೊತೆಗೆ ಈ ಪದಗಳನ್ನೂ, ಹೇಳಿದವರ ಒಪ್ಪಿಗೆ ಇದ್ದರೆ ಅವರ ಹೆಸರನ್ನೂ ಬರೆದುಕೊಳ್ಳಿ. ಸಾವಿರ ವರ್ಷದ ಹಿಂದೆ ನಾಯಿಗೆ ಸಿಕ್ಕಿದ್ದು ಮನುಷ್ಯರಿಗೂ ಸಿಗಲಿ. ಪ್ರಶ್ನೆಗಳಿದ್ದರೆ ಕೇಳಬಹುದು.