ರಾಮೊನ್ ಫರ್ನಾಂಡೆಜ್

ರಾಮೊನ್ ಫರ್ನಾಂಡೆಜ್ (ಜನನ: 3 ಅಕ್ಟೋಬರ್ 1953) ಫಿಲಿಪೀನ್ಸ್‌ನ ನಿವೃತ್ತ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರು. ಏಷ್ಯಾದ ಮೊದಲ ವೃತ್ತಿಪರ ಲೀಗ್ ಆದ ಫಿಲಿಪೀನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್‌ನಲ್ಲಿ ಇವರು ಗಳಿಸಿದ 18,996 ಅಂಕಗಳು ಆ ಲೀಗ್‌ನ ದಾಖಲೆಯಾಗಿವೆ.

ವೃತ್ತಿಜೀವನ

ಸೆಬು ನಗರದ ಸ್ಯಾನ್ ಕಾರ್ಲೋಸ್ ವಿಶ್ವವಿದ್ಯಾಲಯದ ಪರ ಆಡುತ್ತಿದ್ದ ಇವರು, 1975ರಲ್ಲಿ ಲೀಗ್ ಆರಂಭವಾದಾಗ ಟೊಯೋಟಾ ತಂಡದಲ್ಲಿದ್ದರು. 1984ರಲ್ಲಿ ಆ ತಂಡ ವಿಸರ್ಜನೆಗೊಂಡ ಬಳಿಕ ಬಿಯರ್ ಹೌಸೆನ್ ಸೇರಿದರು. ಮರುವರ್ಷ ಟೊಯೋಟಾದ ಹಳೆಯ ಜೊತೆಗಾರ ಅಬೆಟ್ ಗಿಡಾಬೆನ್ ಅವರಿಗೆ ಬದಲಾಗಿ ತಂಡುವಾಯ್ ತಂಡಕ್ಕೆ ವರ್ಗಾವಣೆಗೊಂಡರು.

1988ರಲ್ಲಿ ಹೊಸ ತಂಡವಾದ ಪ್ಯೂರ್‌ಫುಡ್ಸ್‌ಗೆ ಆರಂಭದಲ್ಲಿ ಆಟಗಾರರೂ ತರಬೇತುದಾರರೂ ಇವರೇ. ಆದರೆ ಅನ್ಯೆಹೋ ವಿರುದ್ಧದ ಫೈನಲ್ ಸರಣಿಯ ನಡುವೆ ತಂಡದ ಆಡಳಿತವು ಇವರನ್ನು ಅಂಕಣಕ್ಕಿಳಿಸದೆ ಹೊರಗೆ ಕೂರಿಸಿತು, ಸರಣಿಯೂ ಕೈತಪ್ಪಿತು. ಬಳಿಕ ಸ್ಯಾನ್ ಮಿಗೆಲ್ ತಂಡಕ್ಕೆ ಇವರನ್ನು ಬಿಟ್ಟುಕೊಡಲಾಯಿತು. ಈ ಬಾರಿಯೂ ಬದಲಿಗೆ ಬಂದವರು ಗಿಡಾಬೆನ್ ಅವರೇ. ವಿಶೇಷವೆಂದರೆ, ಅದೇ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಫರ್ನಾಂಡೆಜ್ ಅವರಿಗೆ ದೊರೆಯಿತು. 1982, 1984 ಮತ್ತು 1986ರ ನಂತರ ಇದು ಅವರ ನಾಲ್ಕನೆಯದು. 1989ರಲ್ಲಿ ಸ್ಯಾನ್ ಮಿಗೆಲ್, ನಾರ್ಮನ್ ಬ್ಲ್ಯಾಕ್ ಅವರ ತರಬೇತಿಯಲ್ಲಿ, ಋತುವಿನ ಮೂರೂ ಪ್ರಶಸ್ತಿಗಳನ್ನು ಗೆದ್ದಿತು.

1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಪದಕ ಪಡೆದ ರಾಷ್ಟ್ರೀಯ ತಂಡದಲ್ಲಿಯೂ ಫರ್ನಾಂಡೆಜ್ ಇದ್ದರು. 1994ರಲ್ಲಿ ನಿವೃತ್ತರಾದರು.