ಜಿನಾಲಯದ ಮಾಳಿಗೆ ಮತ್ತು ಜೀರ್ಣೋದ್ಧಾರದ ಪರಂಪರೆ

ಜಿನಮಂದಿರವನ್ನು ಕಟ್ಟಿಸುವುದು ಮಹಾಪುಣ್ಯವೆಂಬುದು ಸರ್ವವಿದಿತ. ಕಟ್ಟಿಸಿದುದನ್ನು ಕಾಪಾಡುವುದೂ ಅಷ್ಟೇ ಹಿರಿದೆಂಬುದನ್ನು ಕನ್ನಡನಾಡಿನ ಶಾಸನಗಳು ಸಾರುತ್ತವೆ. ಬಸದಿಗಳಿಗೆ ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟ ದಾನಿಗಳು ಅಷ್ಟವಿಧಾರ್ಚನೆ, ಋಷಿಗಳ ಆಹಾರದಾನಗಳೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವನ್ನೂ ಹೆಸರಿಸಿದ್ದಾರೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯ ಜೀರ್ಣ ಬಸದಿಗಳನ್ನು ಉದ್ಧರಿಸಿದನೆಂದು ಶ್ರವಣಬೆಳಗೊಳದ ಶಾಸನಗಳು ಕೊಂಡಾಡುತ್ತವೆ. ವೀರಬಲ್ಲಾಳನ ಮಂತ್ರಿ ನಾಗದೇವನು 1195ರಲ್ಲಿ ಅಲ್ಲಿ ಕಟ್ಟಿಸಿದ ಬಸದಿಯು ವರ್ತಕ ಸಮೂಹವಾದ ನಗರದವರ ರಕ್ಷಣೆಯಲ್ಲಿದ್ದುದರಿಂದ ‘ನಗರ ಜಿನಾಲಯ’ವೆನಿಸಿತು. ಬುಕ್ಕರಾಯನ 1368ರ ಶಾಸನವಂತೂ ಇನ್ನೂ ಸ್ಪಷ್ಟವಾಗಿದೆ. ಜೈನರು ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನಿಟ್ಟು, ಮಿಕ್ಕ ಹೊನ್ನಿನಿಂದ ಜೀರ್ಣ ಜಿನಾಲಯಗಳಿಗೆ ಸೊದೆಯನ್ನಿಕ್ಕಿಸಬೇಕು. ಸೊದೆಯೆಂದರೆ ಸುಣ್ಣ. ಕಟ್ಟಡದ ರಕ್ಷಣೆಯು ವರ್ಷವರ್ಷದ ಕರ್ತವ್ಯವೆಂಬುದನ್ನು ಪೂರ್ವಜರು ಹೀಗೆ ಕಟ್ಟಳೆಯಾಗಿಸಿದ್ದರು.

ಈ ಕರ್ತವ್ಯವು ಮಾಳಿಗೆಯಿಂದಲೇ ಆರಂಭವಾಗುತ್ತದೆ. ಮಳೆ ಹೆಚ್ಚಾದ ತುಳುನಾಡಿನಲ್ಲಿ, ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿರುವಂತೆ, ಇಳಿಜಾರಾದ ಮಾಡುಗಳನ್ನು ರಚಿಸಿದರು. ಬಯಲುಸೀಮೆಯಲ್ಲಿ ಕಂಬ, ತೊಲೆಗಳ ಮೇಲೆ ಕಲ್ಲಿನ ಚಪ್ಪಡಿಗಳನ್ನು ಹಾಸಿ, ಅವುಗಳ ಮೇಲೆ ಇಟ್ಟಿಗೆಚೂರು ಬೆರೆತ ಸುಣ್ಣದ ಗಾರೆಯನ್ನು ಬಡಿದು ಗಟ್ಟಿಗೊಳಿಸುವುದು ರೂಢಿಯಾಯಿತು. ಗಾರೆಗೆ ಬೆಲ್ಲ, ಅಳಲೆಕಾಯಿಗಳ ನೀರನ್ನು ಸೇರಿಸುವುದೂ ಉಂಟು. ನೋಟಕ್ಕೆ ಮಟ್ಟವಾಗಿದ್ದರೂ ಮಾಳಿಗೆಯು ದೋಣಿಯ ಕಡೆಗೆ ಐದಡಿಗೆ ಒಂದಂಗುಲದಷ್ಟಾದರೂ ವಾಟವಾಗಿರಬೇಕು.

ಮಾಳಿಗೆಯು ಕೆಡುವ ಮೊದಲು ಕುರುಹುಗಳನ್ನು ತೋರುತ್ತದೆ. ಮಳೆ ನಿಂತ ಮರುದಿನವೂ ನೀರು ನಿಂತಿದ್ದರೆ ವಾಟ ಕೆಟ್ಟಿದೆ, ಇಲ್ಲವೆ ದೋಣಿ ಕಟ್ಟಿದೆ. ನವರಂಗದ ಭುವನೇಶ್ವರಿಯಲ್ಲಿ ಬಿಳಿಯ ಉಪ್ಪು ಕಟ್ಟುವುದು, ತೊಲೆಯ ಮಗ್ಗುಲಲ್ಲಿ ಕಪ್ಪು ಕಲೆ ಇಳಿಯುವುದು ನೀರು ಸಂದನ್ನು ಹೊಕ್ಕುದರ ಲಕ್ಷಣ. ಮರದ ಕೊಡತಿಯಿಂದ ಮೆಲ್ಲನೆ ತಟ್ಟಿದಾಗ ಗಾರೆಯು ಟೊಳ್ಳು ಸದ್ದು ಮಾಡಿದರೆ ಅದು ಕಲ್ಲನ್ನು ಬಿಟ್ಟಿದೆಯೆಂದು ತಿಳಿಯಬೇಕು. ಬಿರುಕಿಗೆ ಅಡ್ಡಲಾಗಿ ತೆಳುವಾಗಿ ಗಾರೆ ಬಳಿದು ದಿನಾಂಕ ಬರೆದಿಡುವುದು ಲೇಸು. ಅದು ಮತ್ತೆ ಸೀಳಿದರೆ ಕಟ್ಟಡ ಇನ್ನೂ ಅಲುಗುತ್ತಿದೆಯೆಂದೇ ಅರ್ಥ. ಆಗ ಬಲ್ಲವರನ್ನು ಕರೆಯಿಸಬೇಕು. ಪಕ್ಷಿಗಳು ತಂದ ಬೀಜದಿಂದ ಸಂದಿನಲ್ಲಿ ಮೊಳೆಯುವ ಅರಳಿ, ಆಲಗಳು ಎಲ್ಲಕ್ಕಿಂತ ಅಪಾಯಕರ. ಬೇರು ಬಲಿತ ಮೇಲೆ ಸಸಿಯನ್ನು ಎಳೆದರೆ ಚಪ್ಪಡಿಯೇ ಸಡಿಲುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಸೋರುವ ಮಾಳಿಗೆಗೆಲ್ಲ ಸಿಮೆಂಟು ಬಳಿಯುವ ವಾಡಿಕೆ ಹಬ್ಬಿತು. ಸಿಮೆಂಟು ಬಿರುಸು, ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಕೂದಲೆಳೆಯಷ್ಟು ಬಿರಿದು ನೀರನ್ನು ಒಳಬಿಡುತ್ತದೆ, ಆರಲು ಬಿಡುವುದಿಲ್ಲ. ಪದರದ ಮೇಲೆ ಪದರ ಹಾಕಿದಂತೆ ಹಳೆಯ ತೊಲೆಗಳ ಮೇಲೆ ಭಾರವೂ ಏರುತ್ತದೆ. ಸುಣ್ಣದ ಕೆಲಸಕ್ಕೆ ಸುಣ್ಣವೇ ತಕ್ಕುದು. ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಬಸದಿಗಳಲ್ಲಿ ದುರಸ್ತಿಗೆ ಇಲಾಖೆಯ ಅನುಮತಿ ಅವಶ್ಯ.

ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದ ಸಮಾಜಕ್ಕೆ ಇಲ್ಲಿ ಇನ್ನೊಂದು ಹೊಣೆಯೂ ಇದೆ. ನಿಂತ ನೀರಿನಲ್ಲಿ ಹಾವಸೆಯೂ ಕ್ರಿಮಿಗಳೂ ಹುಟ್ಟುತ್ತವೆ. ಬಳಿಕ ಅದನ್ನು ಕೆರೆಯುವುದು ಜೀವಹಿಂಸೆ. ಚಾತುರ್ಮಾಸಕ್ಕೆ ಮುನ್ನ, ನೆಲ ಒಣಗಿರುವಾಗಲೇ ಯತ್ನಾಚಾರದಿಂದ ಮಾಳಿಗೆಯನ್ನು ಗುಡಿಸಿ, ದೋಣಿಗಳನ್ನು ಬಿಡಿಸಿ, ಸಂದುಗಳಿಗೆ ಗಾರೆ ತುಂಬಿದರೆ ಆ ದೋಷಕ್ಕೆ ಎಡೆಯೇ ಇರದು.

ದೋಣಿಯ ರಂಧ್ರದಿಂದ ಒಳಬರುವ ನೀರು ಆಸ್ರವಕ್ಕೆ, ರಂಧ್ರವನ್ನು ಮುಚ್ಚುವುದು ಸಂವರಕ್ಕೆ ದೃಷ್ಟಾಂತವೆಂದು ಶ್ರಾವಕರು ಪ್ರವಚನಗಳಲ್ಲಿ ಕೇಳಿಯೇ ಇರುತ್ತಾರೆ. ಮಾಳಿಗೆಯ ಸಂದಿಗೂ ಅದು ಸಲ್ಲುತ್ತದೆ. ಪಂಚಕಲ್ಯಾಣದ ಸಂಭ್ರಮ ಮುಗಿದ ಮೇಲೆ, ಬುಕ್ಕರಾಯನ ಕಾಲದ ಮನೆಗೊಂದು ಹಣದಂತೆ, ಮಾಳಿಗೆಯ ರಕ್ಷಣೆಗೆಂದೇ ಒಂದು ಚಿಕ್ಕ ನಿಧಿ ಪ್ರತಿವರ್ಷವೂ ಕೂಡಿಬರಲಿ. ಇಂದು ಪ್ರತಿಷ್ಠಿತವಾದ ಜಿನಬಿಂಬದ ನೆತ್ತಿಯ ಮೇಲೆ ಮಳೆಯ ಒಂದು ಹನಿಯೂ ಬೀಳದಿರಲಿ.