ತಲಪರಿಗೆಯ ಸೀಮೆಯಲ್ಲಿ ಎರಡು ಸಾವಿರ ಅಡಿಕೆ ಮರ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಬರದ ಸೀಮೆಯೆಂದು ಕರೆಯುವುದು ಬಹುಕಾಲದ ರೂಢಿ. ಅದರಲ್ಲಿಯೂ ಮೂರು ಕಡೆ ಆಂಧ್ರದ ನೆಲದಿಂದ ಸುತ್ತುವರಿದಿರುವ ಪಾವಗಡವನ್ನು ಮರುಭೂಮಿಯೆಂದೇ ಹೇಳಿಬಿಡುವವರುಂಟು. ಬೋಳುಬಂಡೆಯ ಬೆಟ್ಟಗಳು, ಮರಳು ಮಿಶ್ರಿತ ಕೆಂಪು ನೆಲ, ಮಳೆಗಾಲದಲ್ಲಿಯೂ ತುಂಬದ ಹಳ್ಳಗಳು, ಇವುಗಳನ್ನು ಕಂಡ ಯಾತ್ರಿಕನಿಗೆ ಆ ಹೆಸರು ಸಹಜವೆನಿಸುತ್ತದೆ. ಆದರೆ ಇದೇ ನೆಲದ ಶಿಲಾಶಾಸನಗಳನ್ನು ಓದಿದವನಿಗೆ ಹಾಗೆನಿಸಲಾರದು. ಮರುಭೂಮಿಯಲ್ಲಿ ಅಡಿಕೆ ತೋಟವನ್ನು ದಾನಮಾಡಿದವರು ಯಾರೂ ಇಲ್ಲ.

ಈ ಸೀಮೆಯ ಪ್ರಾಚೀನತೆ ಸಾಮಾನ್ಯವಾದುದಲ್ಲ. ಪಾವಗಡದ ಉತ್ತರಕ್ಕಿರುವ ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1947ರಲ್ಲಿ ಬ್ರಹ್ಮಗಿರಿಯಲ್ಲಿ ನಡೆದ ಉತ್ಖನನದಿಂದ ಬೃಹತ್ ಶಿಲಾಸಮಾಧಿಗಳ ಕಾಲದ ಜನಜೀವನವು ಬೆಳಕಿಗೆ ಬಂದಿತು. ಪಶ್ಚಿಮದ ಹೇಮಾವತಿ, ಅಂದರೆ ಅಂದಿನ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಅನಂತರ ಬಂದ ನಿಡುಗಲ್ಲಿನ ಚೋಳರು ಪಾವಗಡ ತಾಲ್ಲೂಕಿನ ನಿಡುಗಲ್ ಬೆಟ್ಟವನ್ನು ದುರ್ಗವಾಗಿ ಮಾಡಿಕೊಂಡು ಆಳಿದರು.

ಮಧುಗಿರಿಯ ಏಕಶಿಲಾ ಬೆಟ್ಟವು ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರವಿದೆ. ಆ ಕೋಟೆಯ ಹುಟ್ಟಿನ ಬಗೆಗೆ ಒಂದು ಐತಿಹ್ಯವಿದೆ. ಮಂದೆಯಿಂದ ತಪ್ಪಿಸಿಕೊಂಡು ಬೆಟ್ಟಕ್ಕೆ ಹೋದ ಕುರಿಯೊಂದು ಮೈಯೆಲ್ಲ ನೆನೆದು ಹಿಂದಿರುಗಿತಂತೆ. ಅಷ್ಟೆತ್ತರದ ಬಂಡೆಯಲ್ಲಿ ನೀರಿನ ಸೆಲೆಯಿದೆಯೆಂದು ತಿಳಿದ ರಾಜಾ ಹಿರೇಗೌಡನು ಅಲ್ಲಿ ಕೋಟೆ ಕಟ್ಟಿಸಿದನಂತೆ. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, ಈ ನಾಡಿನಲ್ಲಿ ಕೋಟೆಗೂ ಗುಡಿಗೂ ಬಸದಿಗೂ ನೆಲೆಯನ್ನು ಗೊತ್ತುಮಾಡಿದುದು ನೀರೇ ಎಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಊರಿನಲ್ಲಿರುವ ಮಲ್ಲಿನಾಥ ತೀರ್ಥಂಕರರ ಬಸದಿಗೆ ಬರುವವರು ಆ ಬಂಡೆಯನ್ನೊಮ್ಮೆ ತಲೆಯೆತ್ತಿ ನೋಡದೆ ಹೋಗುವುದಿಲ್ಲ. ಶಿರಾ ನಗರದ್ದು ಬೇರೆಯೇ ಕಥೆ. 1687ರಿಂದ 1757ರವರೆಗೆ ಮೊಗಲರ ದಕ್ಷಿಣ ಪ್ರಾಂತ್ಯದ ಕೇಂದ್ರವಾಗಿದ್ದ ಆ ಪಟ್ಟಣದ ವೈಭವಕ್ಕೆ ಮಲಿಕ್ ರಿಹಾನನ ಗೋರಿಯೂ 1696ರ ಜುಮ್ಮಾ ಮಸೀದಿಯೂ ಸಾಕ್ಷಿಯಾಗಿವೆ. ಕೊರಟಗೆರೆಯ ಸಿದ್ಧರ ಬೆಟ್ಟದ ಗವಿಗಳೂ ಅಲ್ಲಿನ ಚಿಲುಮೆಯೂ ಭಕ್ತರಿಗೆ ಚಿರಪರಿಚಿತ.

ಜೈನ ಇತಿಹಾಸದ ದೃಷ್ಟಿಯಿಂದ ಬಹುಮುಖ್ಯವಾದುದು ನಿಡುಗಲ್. 1904ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ಲೂಯಿ ರೈಸ್ ಅವರು ಇಲ್ಲಿನ ಶಾಸನಗಳನ್ನು ಸೇರಿಸಿದ್ದಾರೆ. ಅವುಗಳಲ್ಲೊಂದು 1232ಕ್ಕೆ ಸೇರಿದುದು. ಇರುಂಗೋಳದೇವನು ಆಳುತ್ತಿದ್ದಾಗ ಗಂಗೇಯನ ಮಾರೆಯನೆಂಬ ಶ್ರಾವಕನು ಬೆಟ್ಟದ ಮೇಲೆ, ಬದರ ಸರೋವರದ ದಕ್ಷಿಣದ ಬಂಡೆಯಲ್ಲಿ ಪಾರ್ಶ್ವಜಿನನ ಬಸದಿಯನ್ನು ಕಟ್ಟಿಸಿದನು. ಅವನ ಪತ್ನಿ ಬಾಚಲೆ. ಅರಸನು ಭೂಮಿಯನ್ನು ಬಿಟ್ಟುದಲ್ಲದೆ ಒಕ್ಕಲುಮಕ್ಕಳೂ ತಮ್ಮ ಪಾಲಿನ ಕಾಣಿಕೆಯನ್ನು ಸೇರಿಸಿದರೆಂಬುದು ಗಮನಾರ್ಹ. ಬಸದಿಯು ಒಬ್ಬ ಸಿರಿವಂತನ ಕೀರ್ತಿಗಾಗಿ ನಿಂತದ್ದಲ್ಲ; ಸುತ್ತಲಿನ ಹೊಲಗದ್ದೆಗಳ ಫಲದಲ್ಲಿ ಅದಕ್ಕೂ ಒಂದು ಪಾಲಿತ್ತು.

ಇನ್ನೊಂದು ಶಾಸನವು ಇಂದು ಆಂಧ್ರಪ್ರದೇಶಕ್ಕೆ ಸೇರಿರುವ, ಪಾವಗಡ ಮತ್ತು ಶಿರಾಗಳಿಗೆ ನೆರೆಯದೇ ಆದ ಮಡಕಶಿರಾ ಸೀಮೆಯ ಅಮರಾಪುರದ್ದು. ಕಾಲ 1278. ಬಾಲೇಂದು ಮಲಧಾರಿದೇವರ ಗೃಹಸ್ಥಶಿಷ್ಯನಾದ ಮಲ್ಲಿಸೆಟ್ಟಿಯು ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ತಮ್ಮಡಿಹಳ್ಳಿಯ 2,000 ಅಡಿಕೆ ಮರಗಳನ್ನು ದತ್ತಿ ಬಿಟ್ಟನು. ಅದರಿಂದ ಬರುವ ಆದಾಯದಲ್ಲಿ ಜಿನಾಲಯವನ್ನು ಅಡಿಪಾಯದಿಂದ ಕಳಶದವರೆಗೆ ಕಲ್ಲಿನಲ್ಲಿ ಹೊಸದಾಗಿ ಕಟ್ಟಬೇಕೆಂಬುದು ದಾನದ ಉದ್ದೇಶವಾಗಿತ್ತು.

ಈ ದಾನದ ಸ್ವರೂಪವನ್ನು ತುಸು ವಿಚಾರಮಾಡಬೇಕು. ಹೊನ್ನನ್ನು ಕೊಟ್ಟರೆ ಕೊಟ್ಟ ದಿನವೇ ದಾನ ಮುಗಿಯಿತು. ಅಡಿಕೆ ಹಾಗಲ್ಲ. ಸಸಿಯು ಫಲಕ್ಕೆ ಬರಲು ಐದಾರು ವರ್ಷ ಬೇಕು. ಫಲಕ್ಕೆ ಬಂದ ಮರವೂ ಒಂದೆರಡು ಬೇಸಗೆ ನೀರು ಕಾಣದಿದ್ದರೆ ಸುಳಿ ಒಣಗಿ ಸಾಯುತ್ತದೆ. ಮಲ್ಲಿಸೆಟ್ಟಿಯು ಮರಗಳನ್ನು ಬಿಟ್ಟನೆಂದರೆ, ತನ್ನ ಕಾಲಾನಂತರವೂ ಆ ತೋಟಕ್ಕೆ ನೀರು ಹರಿಯುವುದೆಂದೂ, ಅದನ್ನು ಹರಿಸುವವರು ಇರುವರೆಂದೂ ನಂಬಿದ್ದನೆಂದೇ ಅರ್ಥ. ಶಾಸನದಲ್ಲಿ ಕಾಣುವುದು ಮರಗಳ ಲೆಕ್ಕ ಮಾತ್ರ. ಆ ನಂಬಿಕೆಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಬೇಕಾಗಿರಲಿಲ್ಲ.

ನಂಬಿಕೆಗೆ ಆಧಾರವಾದುದು ಕೆರೆ ಮತ್ತು ತಲಪರಿಗೆ. ಕೆರೆಯನ್ನು ಎಲ್ಲರೂ ಬಲ್ಲರು. ತಲಪರಿಗೆಯು ಮಾತ್ರ ವಿಶೇಷವಾಗಿ ಈ ನಾಲ್ಕು ತಾಲ್ಲೂಕುಗಳ ಸಂಪತ್ತು. ಮೈಸೂರು ಸಂಸ್ಥಾನದ ಗೆಜೆಟಿಯರುಗಳು ಸಹ ಇದನ್ನು ಉಲ್ಲೇಖಿಸಿವೆ. ಮೇಲೆ ಮರಳು, ಕೆಳಗೆ ಬಂಡೆ ಇರುವ ನೆಲದಲ್ಲಿ ಇಂಗಿದ ಮಳೆಯ ನೀರು ಹೆಚ್ಚು ಆಳಕ್ಕಿಳಿಯದೆ ಮರಳಿನಲ್ಲಿಯೇ ತಂಗುತ್ತದೆ. ಕೆರೆಯಂಗಳದಲ್ಲಿಯೋ ಹಳ್ಳದ ದಂಡೆಯಲ್ಲಿಯೋ ಕೆಲವೇ ಅಡಿ ತೋಡಿದರೆ ಒರತೆ ಏಳುತ್ತದೆ. ಅಲ್ಲಿಂದ ಕಾಲುವೆ ತೆಗೆದರೆ ಕಪಿಲೆಯ ಹಂಗಿಲ್ಲದೆ ನೀರು ತಾನೇ ಇಳಿಜಾರಿನ ಗದ್ದೆಗೆ ಹರಿಯುತ್ತದೆ. ತಲಪರಿಗೆಯು ಒಬ್ಬನ ಸ್ವತ್ತಲ್ಲ. ಅಚ್ಚುಕಟ್ಟಿನವರು ಸರದಿಯಂತೆ ನೀರು ಹಾಯಿಸಿಕೊಳ್ಳುತ್ತಿದ್ದರು. ಎಲ್ಲರೂ ಸೇರಿ ಗುದ್ದಲಿ ಹಿಡಿದು ಹೂಳೆತ್ತುತ್ತಿದ್ದರು. ತೋಡಿದಷ್ಟು ಮಾತ್ರ ಸಿಗುವ, ಒರೆತಷ್ಟು ಮಾತ್ರ ಹರಿಯುವ ಈ ನೀರಿನಲ್ಲಿ ಮಿತಿಮೀರಿ ತೆಗೆಯುವ ಉಪಾಯವೇ ಇರಲಿಲ್ಲ. ಜಲಕಾಯಿಕ ಜೀವಗಳನ್ನು ನೆನೆದು ನೀರನ್ನು ಸೋಸಿ, ಅಗತ್ಯವಿದ್ದಷ್ಟೇ ಬಳಸುವ ಶ್ರಾವಕಾಚಾರಕ್ಕೆ ಇದು ಒಪ್ಪುವ ವ್ಯವಸ್ಥೆ. ಅದನ್ನು ಕಾಪಾಡಿದವರು ಯಾವ ಮತದವರಾಗಿದ್ದರೂ ಸರಿಯೆ, ಪರಿಗ್ರಹಪರಿಮಾಣವು ಈ ನೆಲದಲ್ಲಿ ನೀರಿನ ಲೆಕ್ಕವಾಗಿ ಬದುಕಿತ್ತು.

ಅದು ಕೆಟ್ಟದ್ದು ಮಳೆ ಕಡಿಮೆಯಾದುದರಿಂದಲೇ ಎಂದು ಹೇಳಲಾಗದು. ಮಳೆ ಇಲ್ಲಿ ಹಿಂದೆಯೂ ಅಲ್ಪವೇ. ಕೊಳವೆಬಾವಿಗಳು ನೂರಾರು ಅಡಿ ಆಳಕ್ಕಿಳಿದಂತೆ ಮೇಲಿನ ಒರತೆಗಳು ಬತ್ತಿದವು. ಜಯಮಂಗಲಿಯ ಮರಳು ಲಾರಿಗಳಲ್ಲಿ ಹೋಯಿತು. ಮರಳಿನೊಂದಿಗೆ ಅದು ಹಿಡಿದಿಟ್ಟಿದ್ದ ನೀರೂ ಹೋಯಿತು. ಪಾವಗಡದ ಆಳದ ನೀರಿನಲ್ಲಿರುವ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸಿದೆ. ಪ್ರತಿಯೊಬ್ಬನೂ ತನ್ನ ಹೊಲದಲ್ಲಿ ತನ್ನದೇ ಬಾವಿಯನ್ನು ಕೊರೆಸಿದುದರಿಂದ ಎಲ್ಲರ ನೀರೂ ಇಲ್ಲವಾಯಿತು. ಬಡ ರೈತನನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಬೆಳೆ ಒಣಗುವುದನ್ನು ನೋಡುತ್ತಾ ಕುಳಿತಿರೆಂದು ಅವನಿಗೆ ಹೇಳಬಲ್ಲವರು ಯಾರು? ಆದರೆ ಸರದಿ ತಪ್ಪಿದ್ದು ಎಲ್ಲಿ ಎಂಬುದನ್ನು ಮರೆಯುವುದೂ ಸರಿಯಲ್ಲ.

ಈಗ ತಿರುಮಣಿ, ವಳ್ಳೂರು, ಬಳಸಮುದ್ರ ಮುಂತಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹಾಸಿಕೊಂಡಿವೆ. 2,050 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರವು 2019ರ ಕೊನೆಗೆ ಪೂರ್ಣವಾಯಿತು. ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದುದರಿಂದ ಮಳೆ ಬಾರದ ವರ್ಷವೂ ಅವರ ಕೈಗೆ ಹಣ ಬರುತ್ತದೆ. ನೆಲವಿಲ್ಲದ ಕೂಲಿಗಾರನಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಇತ್ತ ಮಧುಗಿರಿ, ಕೊರಟಗೆರೆಗಳ ಕಡೆ ಕೆಲವರು ಹಳೆಯ ತಲಪರಿಗೆಗಳನ್ನು ಹುಡುಕಿ, ಹೂಳು ತೆಗೆಸಿ, ಮತ್ತೆ ಹರಿಯಿಸುವ ಕೆಲಸಕ್ಕೆ ತೊಡಗಿದ್ದಾರೆ. ನಿಡುಗಲ್ಲಿಗೆ ಹೋಗುವವರು ಕೋಟೆಯ ಸುತ್ತುಗಳನ್ನು ಏರಿ, ಗುಡಿ ಬಸದಿಗಳನ್ನು ಕಂಡು ಇಳಿಯುತ್ತಾರೆ. ಇಳಿದ ಮೇಲೆ ದಾರಿಯ ಯಾವುದಾದರೊಂದು ಕೆರೆಯಂಗಳದಲ್ಲಿ ನಿಂತು ತಲಪರಿಗೆ ಎಲ್ಲಿತ್ತೆಂದು ವಿಚಾರಿಸಬೇಕು. ಹಿರಿಯರೊಬ್ಬರಾದರೂ ಆ ಜಾಗವನ್ನು ಕೈಮಾಡಿ ತೋರಿಸುತ್ತಾರೆ.